ನಾಲ್ಕು ಹತ್ತರ ಹೊದಿಕೆ

ನಮ್ಮೂರಿನಲ್ಲಿ ಆಡಿದ ಮಾತು ಮರುದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಕೇಳಿಸುತ್ತದೆ. ಒಂದೇ ಸಲ, ಅಲ್ಲಿಗೆ ಅದರ ಕಥೆ ಮುಗಿಯಿತು. ಮಾತಷ್ಟೇ ಅಲ್ಲ, ಕೆಮ್ಮು, ಒಗ್ಗರಣೆ, ಬಾಗಿಲು ಹಾಕಿದ ಸದ್ದು, ಎಲ್ಲವೂ. ಹೊರಗಿನವರಿಗೆ ಇದು ದೊಡ್ಡ ಸೋಜಿಗ. ನಾವು ಬೆಳಿಗ್ಗೆ ಚಹಾ ಕುಡಿಯುವಾಗ ನಿನ್ನೆಯ ಚಹಾದ ಮಾತು ಬೆಕ್ಕಿನ ಹಾಗೆ ಕಾಲಡಿಯಲ್ಲಿ ಸುಳಿದಾಡುತ್ತಿರುತ್ತದೆ, ಯಾರೂ ಕಿವಿಗೊಡುವುದಿಲ್ಲ. ಮಂತ್ರಿಗಳು ಮಾತ್ರ ನಮ್ಮೂರಿಗೆ ಬಂದರೆ ಕೈಮುಗಿದು ಹೊರಟುಬಿಡುತ್ತಾರೆ, ಭಾಷಣ ಮಾಡುವುದಿಲ್ಲ. ಹಿಂದೆ ಒಬ್ಬರು ಭಾಷಣ ಮಾಡಿ, ಮರುದಿನ ರೈಲು ತಪ್ಪಿ ಊರಲ್ಲೇ ಉಳಿದು, ತಮ್ಮದನ್ನು ತಾವೇ ಪೂರ್ತಿ ಕೇಳಿಸಿಕೊಂಡು ರಾಜೀನಾಮೆ ಕೊಟ್ಟರಂತೆ. ನಾನು ಕಂಡವಳಲ್ಲ, ಹೇಳಿದ್ದನ್ನು ಕೇಳಿದವಳು.

ನಾನು ಪುರಸಭೆಯಲ್ಲಿ ನಾಳೆಪಟ್ಟಿ ಬರೆಯುವವಳು, ಹೆಸರು ನಿಂಬೆವ್ವ. ಇಪ್ಪತ್ತಾರು ವರ್ಷದಿಂದ ದಿನವೂ ಸಂಜೆ ಪುರಸಭೆಯ ಹಲಗೆಗೆ ಒಂದು ಹಾಳೆ ಅಂಟಿಸುತ್ತ ಬಂದಿದ್ದೇನೆ. ಇವತ್ತು ಎಲ್ಲೆಲ್ಲಿ, ಯಾವ ಹೊತ್ತಿಗೆ ದೊಡ್ಡ ಸದ್ದಾಯಿತೋ ಅದೆಲ್ಲ ಅದರಲ್ಲಿರುತ್ತದೆ, ನಾಳೆ ಜನ ಬೆಚ್ಚಿಬೀಳಬಾರದಲ್ಲ. ‘ಬೆಳಿಗ್ಗೆ ೯.೨೦, ಕಂಚುಗಾರರ ಓಣಿ, ಕುಕ್ಕರ್ ಸಿಡಿದದ್ದು.’ ‘ಮಧ್ಯಾಹ್ನ ೧೨, ಶಾಲೆ, ಹೆಡ್ ಮಾಸ್ತರರ ಸಿಟ್ಟು.’ ಕೆಲವು ಸಾಲುಗಳಲ್ಲಿ ಹೊತ್ತು ಮತ್ತು ಜಾಗ ಬರೆದು, ಸದ್ದು ಏನೆಂದು ಬರೆಯದೆ, ಒಂದು ಸೊನ್ನೆ ಹಾಕುತ್ತೇನೆ. ಆ ಮನೆಯವರು ಹೊದಿಕೆ ಕೇಳಿದ್ದಾರೆ ಎಂದು ಅದರ ಅರ್ಥ. ಮರುದಿನ ಆ ಹೊತ್ತಿಗೆ ಅಕ್ಕಪಕ್ಕದವರೆಲ್ಲ ಸೇರಿ ಗದ್ದಲ ಎಬ್ಬಿಸುತ್ತಾರೆ. ಒಬ್ಬಳು ಖಾರ ಕುಟ್ಟುತ್ತಾಳೆ, ಒಬ್ಬ ತಗಡು ಬಡಿಯುತ್ತಾನೆ, ಮಕ್ಕಳು ಮಗ್ಗಿ ಒದರುತ್ತವೆ. ಒಳಗಿನ ಜಗಳವೋ ಅಳುವೋ ಯಾರ ಕಿವಿಗೂ ಬೀಳದೆ ಕಳೆದುಹೋಗುತ್ತದೆ. ಏನನ್ನು ಹೊದಿಸಿದೆವು ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಕೇಳಿದವನ ಮನೆಗೆ ಮುಂದೆ ಯಾರೂ ತಗಡು ಹಿಡಿದುಕೊಂಡು ಬರುವುದಿಲ್ಲ, ಅಷ್ಟೆ.

ಇಂಥ ಊರಿಗೆ ದೇಶದೇಶಗಳ ಹಾಡಿನ ಸ್ಪರ್ಧೆ ಬಂದದ್ದು ದರ್ಜಿ ಫಕೀರಪ್ಪನಿಂದ. ಅವನು ಹಿಂದಿನ ವರ್ಷ ಯಾವುದೋ ಸಮುದ್ರದಾಚೆಯ ಊರಿಗೆ ಹೋಗಿ, ಹಾಡಿ, ಗೆದ್ದುಬಿಟ್ಟ. ಗೆದ್ದವರ ಊರಲ್ಲೇ ಮುಂದಿನ ವರ್ಷದ ಸ್ಪರ್ಧೆ ನಡೆಯಬೇಕು ಎಂಬುದು ಅವರ ನಿಯಮ. ಅವನಿಗೆ ಹಾರ ಹಾಕಿ ಮೆರವಣಿಗೆ ಮಾಡಿದ ಊರೇ ಆರು ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಹಿಡಿಶಾಪ ಹಾಕತೊಡಗಿತು. ಹನ್ನೊಂದು ದೇಶಗಳಿಂದ ಹಾಡುವವರು, ಒಬ್ಬೊಬ್ಬರಿಗೂ ಅವರವರ ದೇಶದ ಬಂದೂಕಿನ ಕಾವಲುಗಾರರು. ಈ ದೇಶದವರು ಆ ದೇಶದವರ ಪಕ್ಕ ಕೂರುವುದಿಲ್ಲ, ಆ ದೇಶದವರು ಈ ಬಾವುಟದ ಕೆಳಗೆ ಊಟ ಮಾಡುವುದಿಲ್ಲ. ಯಾರ ಹಿಂದೆ ಯಾರು ಹಾಡಬೇಕು ಎಂಬುದನ್ನು ತೀರ್ಮಾನಿಸಲು ಒಂಬತ್ತು ದಿನ ಕಿತ್ತಾಡಿದರು. ಕೊನೆಗೆ ಬರೆದ ಕಾಗದಕ್ಕೆ ಹನ್ನೊಂದೂ ದೇಶದವರು ಸಹಿ ಹಾಕಿ, ಇದರಲ್ಲಿ ಒಂದು ಹೆಸರು ಅತ್ತಿತ್ತ ಆದರೂ ನಾವು ಹೊರಟೆವು ಎಂದರು.

ಎಲ್ಲರಿಗಿಂತ ದೊಡ್ಡ ತಲೆನೋವು ಹೊಳೆಯಾಚೆಯ ದೇಶದ್ದು. ಹೊಳೆಯ ನಡುವಿನ ಒಂದು ಮರಳುದಿಬ್ಬ ನಮ್ಮದೋ ಅವರದೋ ಎಂದು ಹಿಂದಿನ ಬೇಸಿಗೆಯಲ್ಲಿ ಎರಡೂ ಕಡೆ ಹುಡುಗರು ಸತ್ತಿದ್ದರು. ಅಲ್ಲಿಂದ ಬಂದವಳು ಇರುವಂತಿ ಎಂಬ ಇಪ್ಪತ್ತೆರಡರ ಹುಡುಗಿ. ಅವಳಿಗೆ ಛತ್ರದಲ್ಲಿ ಜಾಗ ಕೊಟ್ಟರೆ ಕಲ್ಲು ಬೀಳುತ್ತದೆ ಎಂದು ಹೆದರಿ, ಒಂಟಿಯಾಗಿರುವ ನನ್ನ ಎರಡು ಕೋಣೆಯ ಮನೆಯಲ್ಲಿ ಇಳಿಸಿದರು. ಬಾಗಿಲಿಗೆ ಅವಳ ದೇಶದ ಇಬ್ಬರು ಕಾವಲು. ಹೊಳೆಯಾಚೆಯವರ ಮಾತೂ ನಮ್ಮ ಮಾತೇ, ಸ್ವಲ್ಪ ಎಳೆದು ಆಡುತ್ತಾರೆ. ಮೊದಲ ದಿನ ಊಟಕ್ಕೆ ಕೂತಾಗ ಅವಳು, “ನಿಮ್ಮ ಮನ್ಯಾಗ ನಾ ಉಣ್ಣೂದು ನಿಮಗ ಸರಿ ಐತೇನ್ರೀ?” ಎಂದು ಕೇಳಿದಳು. “ರೊಟ್ಟಿಗೆ ಯಾವ ದೇಶ ಅಂತ ಗೊತ್ತಿರೂದಿಲ್ಲವಾ, ಉಣ್ಣು,” ಎಂದೆ. ಹೇಳಿದ ಮೇಲೆ ನನಗೇ ಹೆಮ್ಮೆಯಾಯಿತು. ಮರುದಿನ ಅದೇ ಹೊತ್ತಿಗೆ ನನ್ನ ಆ ಮಾತು ಮತ್ತೆ ಕೇಳಿಸಿದಾಗ ಅವಳು ತುತ್ತು ಬಾಯಲ್ಲಿಟ್ಟುಕೊಂಡೇ ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ.

ಭದ್ರತೆಗೆಂದು ರಾಜಧಾನಿಯಿಂದ ಚಕ್ರಪಾಣಿ ಎಂಬ ಅಧಿಕಾರಿಯನ್ನು ಕಳಿಸಿದ್ದರು. ಬಂದ ದಿನ ಅವರು ನಮ್ಮ ಊರಿನ ಸಂಗತಿಯನ್ನು ನಂಬಲಿಲ್ಲ. ಅತಿಥಿಗೃಹದಲ್ಲಿ ಬೂಟು ಒರೆಸಲಿಲ್ಲವೆಂದು ಒಬ್ಬ ಪೇದೆಗೆ ಬಾಯಿಗೆ ಬಂದಂತೆ ಬೈದರು. ಮರುದಿನ ಅದೇ ಹೊತ್ತಿಗೆ ಅದೇ ಬೈಗುಳ ತಮ್ಮ ತಲೆಯ ಮೇಲೇ ಬಿದ್ದಾಗ ಪಿಸ್ತೂಲು ಹಿಡಿದು ಮಂಚದ ಕೆಳಗೆಲ್ಲ ಹುಡುಕಿದರು. ಆಮೇಲೆ ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು ಕೂತರು. ಒಳ್ಳೆಯ ಮನುಷ್ಯ, ತಪ್ಪು ಒಪ್ಪಿಕೊಳ್ಳುವುದಕ್ಕೆ ಒಂದೇ ದಿನ ತೆಗೆದುಕೊಂಡರು. “ನೋಡಿ ಮೇಡಂ, ಸ್ಪರ್ಧೆಯ ಹಿಂದಿನ ದಿನ ಸಭಾಭವನದಲ್ಲಿ ನಾವು ಅಣಕು ಕಾರ್ಯಾಚರಣೆ ಮಾಡಲೇಬೇಕು. ಬಾಂಬ್ ಬಿತ್ತು ಅಂತ ಕೂಗೋದು, ಸೈರನ್, ಮೂರು ಹುಸಿ ಗುಂಡು, ಜನರನ್ನ ಆಚೆ ಓಡಿಸೋದು. ನಾಲ್ಕು ನಿಮಿಷ ಸಾಕು. ಮಾರನೇ ದಿನಕ್ಕೆ ತೊಂದರೆ ಆಗದ ಒಂದು ಹೊತ್ತು ಹೇಳಿ,” ಎಂದರು.

ಸ್ಪರ್ಧೆ ಶನಿವಾರ ಸಂಜೆ ಆರಕ್ಕೆ. ಶುಕ್ರವಾರ ಮಧ್ಯಾಹ್ನ ನಾಲ್ಕು ಹತ್ತಕ್ಕೆ ಮಾಡಿರಿ, ಶನಿವಾರ ಆ ಹೊತ್ತಿಗೆ ಭವನದಲ್ಲಿ ನರಪಿಳ್ಳೆಯೂ ಇರುವುದಿಲ್ಲ ಎಂದು ಚೀಟಿಯ ಮೇಲೆ ಬರೆದು ಸಹಿ ಹಾಕಿ ಕೊಟ್ಟೆ. ಅವರು ಅಚ್ಚುಕಟ್ಟಾಗಿ ಅದೇ ಹೊತ್ತಿಗೆ ಮಾಡಿ ಮುಗಿಸಿದರು. ಬೀದಿಯಲ್ಲಿದ್ದ ನಮಗೇ ಎದೆ ಝಲ್ಲೆಂದಿತು, ಅಷ್ಟು ಚೆನ್ನಾಗಿ ಮಾಡಿದರು. ನಾನು ಐದಕ್ಕೆ ಪಟ್ಟಿ ಬರೆಯಲು ಕೂತಿದ್ದೆ. ಆಗ ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪ ಬೆವರು ಒರೆಸಿಕೊಳ್ಳುತ್ತ ಬಂದರು. “ನಿಂಬೆವ್ವಾ, ಹೊತ್ತು ಬದಲಾತು. ದೂರದ ದೇಶದಾಗ ನೇರಪ್ರಸಾರ ನೋಡೋರಿಗೆ ಅನುಕೂಲ ಆಗಬೇಕಂತ, ಮ್ಯಾಲಿನವ್ರು ಮಧ್ಯಾಹ್ನ ಮೂರಕ್ಕ ಶುರು ಮಾಡ್ರಿ ಅಂದಾರ.”

ನಾನು ಹಾಡುವವರ ಕ್ರಮದ ಕಾಗದ ತರಿಸಿ, ಒಬ್ಬೊಬ್ಬರಿಗೆ ಹತ್ತು ನಿಮಿಷದಂತೆ ಎಣಿಸಿದೆ. ನಾಲ್ಕು ಹತ್ತಕ್ಕೆ ವೇದಿಕೆಯ ಮೇಲೆ ಇರುವವಳು ಇರುವಂತಿ. ಮೂರು ಸಾವಿರ ಜನ ತುಂಬಿದ ಭವನದಲ್ಲಿ ಬಾಂಬ್ ಎಂಬ ಕೂಗು, ಸೈರನ್ನು, ಮೂರು ಗುಂಡು. ಸುತ್ತ ಹನ್ನೊಂದು ದೇಶಗಳ ಬಂದೂಕು; ಗುಂಡಿನ ಸದ್ದು ಕೇಳಿದರೆ ಯಾರನ್ನೂ ಕೇಳದೆ ಹಾರಿಸಿ ಎಂದು ಅವರಿಗೆಲ್ಲ ಆದೇಶ. ಹೊಳೆಯಾಚೆಯವರ ಬಂದೂಕು ನಮ್ಮವರ ಕಡೆಗೆ, ನಮ್ಮವರದು ಅವರ ಕಡೆಗೆ. ನಡುವೆ ಬೆಳಕಿನಲ್ಲಿ ಒಬ್ಬಳೇ ನಿಂತಿರುವವಳು ನನ್ನ ಮನೆಯಲ್ಲಿ ರೊಟ್ಟಿ ಉಂಡ ಹುಡುಗಿ. ಆ ಹೊತ್ತು ಕೊಟ್ಟವಳು ನಾನು, ಸಹಿ ನನ್ನದು. ಕಾಗದ ಹಿಡಿದು ಚಕ್ರಪಾಣಿಯವರ ಹತ್ತಿರ ಓಡಿದೆ.

ಚಕ್ರಪಾಣಿ ಕೂಡಲೇ ಮೇಲಿನವರಿಗೆ ಫೋನು ಹಚ್ಚಿದರು. ಹೊತ್ತು ಬದಲಾಗದು, ಕ್ರಮ ಬದಲಾಗದು, ನಡುವೆ ಬಿಡುವು ಕೊಟ್ಟರೆ ನೇರಪ್ರಸಾರ ಹಾಳಾಗುತ್ತದೆ ಎಂದು ಉತ್ತರ ಬಂತು. ಜೊತೆಗೆ ಒಂದು ಸುತ್ತೋಲೆಯೂ ಬಂತು: ಹೊಳೆಯಾಚೆಯವಳು ಹಾಡುವಾಗ ನಮ್ಮವರು ಯಾರೂ ಚಪ್ಪಾಳೆ ತಟ್ಟಬಾರದು, ಸದ್ದು ಮಾಡಬಾರದು, ತಟ್ಟಿದವರಿಗೆ ಮೂರು ತಿಂಗಳು ಸಜೆ. ಅಂದರೆ ಸರಿಯಾಗಿ ಆ ಹೊತ್ತಿಗೇ ಭವನ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗಿರಬೇಕು. ಅದನ್ನು ಓದಿ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ನಾನು ಆ ಸಂಜೆ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ‘ಶನಿವಾರ, ಮಧ್ಯಾಹ್ನ ೪.೧೦, ಸಭಾಭವನ.’ ಮುಂದೆ ಒಂದು ಸೊನ್ನೆ. ಭವನದಲ್ಲಿ ಹಿಂದಿನ ನಾನೂರು ಕುರ್ಚಿ ಊರವರಿಗೆ ಕೊಟ್ಟಿದ್ದರು. ಬಾಗಿಲು ಕಾಯುವವರು, ಕಸ ಗುಡಿಸುವವರು, ಚಹಾ ಕೊಡುವವರು ಎಲ್ಲ ನಮ್ಮವರೇ. ಸೊನ್ನೆಯನ್ನು ಅವರು ಓದುತ್ತಾರೆ, ಅದು ನನಗೆ ಗೊತ್ತಿತ್ತು. ಅದರ ಪಕ್ಕದಲ್ಲೇ ಸುತ್ತೋಲೆಯನ್ನೂ ಅಂಟಿಸಿದ್ದರು, ಅದನ್ನೂ ಓದುತ್ತಾರೆ. ಬಾಯಿಬಿಟ್ಟು ಯಾರನ್ನೂ ಕೇಳುವ ಹಾಗಿಲ್ಲ. ಹೊದಿಸುವವರ ಎದುರು ಹೋಗಿ ಕೇಳುವ ರೂಢಿ ನಮ್ಮಲ್ಲಿಲ್ಲ, ಸೊನ್ನೆ ಹಾಕಿ ಕಾಯಬೇಕು.

ಶನಿವಾರ ಬೆಳಿಗ್ಗೆ ಚಕ್ರಪಾಣಿ ಹನ್ನೊಂದು ದೇಶಗಳ ಕಾವಲು ಮುಖ್ಯಸ್ಥರನ್ನು ಕೂಡಿಸಿ, ನನ್ನನ್ನೂ ಕರೆಸಿ, ಇದ್ದದ್ದು ಇದ್ದ ಹಾಗೆ ಹೇಳಿದರು. ಇಂದು ನಾಲ್ಕು ಹತ್ತಕ್ಕೆ ಗುಂಡಿನ ಸದ್ದು ಕೇಳುತ್ತದೆ, ಅದು ನಿನ್ನೆಯದು, ದಯವಿಟ್ಟು ಯಾರೂ ಬಂದೂಕು ಎತ್ತಬೇಡಿ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹೊಳೆಯಾಚೆಯ ಕಾವಲು ಮುಖ್ಯಸ್ಥ, ಮೀಸೆ ಬೋಳಿಸಿದ ಗಡುಸು ಆಸಾಮಿ, ಎದ್ದು ನಿಂತ. “ಅಂದ್ರ ನಮ್ಮ ಹುಡುಗಿ ಹಾಡೂ ಹೊತ್ತಿಗೇ ಗುಂಡು ಹಾರತಾವ, ನಾವು ಕೈಕಟ್ಟಿ ನಿಂದರಬೇಕು. ಇಷ್ಟನ್ನ ಮೊದಲ ತಿಳಿಸಿದ್ದಕ್ಕ ಉಪಕಾರ ಆತು. ಗುಂಡು ತುಂಬಿ, ಬಂದೂಕಿನ ಕೀಲಿ ತಗದ ಇಟ್ಟಿರ್ತೀವಿ,” ಎಂದ. ಉಳಿದವರೂ ತಲೆಯಾಡಿಸಿದರು. ಹೇಳಿದಷ್ಟೂ ಕೆಟ್ಟಿತು. ಹೊರಗೆ ಬಂದ ಮೇಲೆ ಚಕ್ರಪಾಣಿ, “ಅವನ ಜಾಗದಲ್ಲಿ ನಾನಿದ್ರೂ ಅದೇ ಮಾಡ್ತಿದ್ದೆ,” ಎಂದರು.

ಉಳಿದವಳು ಹುಡುಗಿ. ಮನೆಗೆ ಬಂದಾಗ ಅವಳು ಕನ್ನಡಿ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ಹೇಳಿದೆ, ಸಹಿ ನನ್ನದು ಎಂಬುದನ್ನೂ ಹೇಳಿದೆ. ವೇದಿಕೆ ಹತ್ತಬೇಡ, ಗಂಟಲು ಕೆಟ್ಟಿದೆ ಎಂದು ಹೇಳಿಬಿಡು ಎಂದೆ. ಅವಳು ಜಡೆಯ ತುದಿಗೆ ಗಂಟು ಹಾಕಿ ನನ್ನ ಕಡೆ ತಿರುಗಿದಳು. “ನಾ ಹತ್ತಲಿಲ್ಲ ಅಂದ್ರ, ನೀವು ನನಗ ಏನೋ ಮಾಡೀರಿ ಅಂತ ನಮ್ಮವ್ರು ಅಂತಾರ. ಮತ್ತ ದಿಬ್ಬದ ಮ್ಯಾಲ ಹುಡುಗ್ರು ಸಾಯ್ತಾರ. ನಮ್ಮ ಅಣ್ಣ ಅಲ್ಲೇ ಅದಾನ್ರೀ,” ಎಂದಳು. ಆಮೇಲೆ ಕೇಳಿದಳು: “ಹೊದಸೂದು ಅಂದ್ರ ಎಷ್ಟು ಗದ್ದಲ ಬೇಕು?” ನಾನು ಅವಳ ಹಾಡು ಯಾವುದೆಂದು ಕೇಳಿದೆ. ಅದು ಅವಳ ಅವ್ವ ಹಾಡುತ್ತಿದ್ದ ಜೋಗುಳ. ಉಸಿರಿನಷ್ಟೇ ಸಣ್ಣ ದನಿಯಲ್ಲಿ ಹಾಡಬೇಕಾದದ್ದು, ಹಾಗೆ ಹಾಡಿದ್ದಕ್ಕೇ ಅವಳ ದೇಶದವರು ಅವಳನ್ನು ಆರಿಸಿ ಕಳಿಸಿದ್ದರು, ಹಾಗೆ ಹಾಡಿದರೆ ಗೆಲ್ಲುವವಳು ಅವಳೇ ಎಂದು ಪತ್ರಿಕೆಗಳೂ ಬರೆದಿದ್ದವು. ನನಗೆ ಅಳು ಬಂತು. ಅವಳು ಅಳಲಿಲ್ಲ. “ಕೂಸು ಭಾಳ ಹಟಮಾರಿ ಐತಿ ಅಂತ ತಿಳಕೊಂಡು ಒದರಿ ಹಾಡ್ತೀನಿ. ನಿಮ್ಮ ಊರವರು ಕೂಡ್ತಾರಲ್ಲ?” ಎಂದಳು. ಕೂಡುತ್ತಾರೆ ಎಂದು ಸುಳ್ಳು ಧೈರ್ಯ ಹೇಳಿದೆ.

ಭವನದಲ್ಲಿ ನಾನು ಹಿಂದಿನ ಸಾಲಿನಲ್ಲಿ, ಚಹಾ ಅಂಗಡಿಯ ಹುಸೇನಬಿಯ ಪಕ್ಕ ನಿಂತಿದ್ದೆ. ನಲವತ್ತು ಗಾಜಿನ ಲೋಟಗಳ ತಟ್ಟೆ ಅವಳ ತೋಳಿನ ಮೇಲಿತ್ತು. ಪಟ್ಟಿ ಓದಿದೆಯಾ ಎಂದು ನಾನು ಕೇಳಲಿಲ್ಲ, ಓದಿದೆ ಎಂದು ಅವಳೂ ಹೇಳಲಿಲ್ಲ. ಏಳು ಜನ ಹಾಡಿದರು. ಏನು ಹಾಡಿದರೋ ನನಗೆ ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ನಾಲ್ಕು ಎಂಟಕ್ಕೆ ಇರುವಂತಿ ಬೆಳಕಿಗೆ ಬಂದಳು. ಮುಂದಿನ ಸಾಲುಗಳ ನಮ್ಮ ದೊಡ್ಡವರೆಲ್ಲ ಆದೇಶದಂತೆ ಕೈ ಮಡಿಲಲ್ಲಿಟ್ಟು ಕೂತರು. ಎರಡು ಬದಿಯ ಪರದೆಯ ಹತ್ತಿರ ಬಂದೂಕುಗಳು ಕಾಣುತ್ತಿದ್ದವು.

ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, ಕಾಲಿನಿಂದ ತಾಳ ಬಡಿದು, ಹೊಲದಲ್ಲಿ ಆಳು ಕರೆಯುವವಳ ಗಂಟಲಿನಲ್ಲಿ ಶುರು ಮಾಡಿದಳು. “ಮೀನು ಮಲಗ್ಯಾವ, ನೀರು ಮಲಗೈತಿ, ನೀನ್ಯಾಕ ಎದ್ದೀಯೋ?” ಜನ ತಬ್ಬಿಬ್ಬಾದರು. ಎರಡನೇ ಸಲ ಹಾಡಿದಳು, ಯಾರೂ ಕೂಡಲಿಲ್ಲ. ನಾನು ಕೈಯೆತ್ತಿ ಚಪ್ಪಾಳೆ ತಟ್ಟಿದೆ. ಆ ದೊಡ್ಡ ಭವನದಲ್ಲಿ ನನ್ನ ಚಪ್ಪಾಳೆ ಒಂದೇ. ಮುಂದಿನ ಸಾಲಿನವರು ತಿರುಗಿ ಕಣ್ಣು ಕೆಕ್ಕರಿಸಿದರು. ನಾಲ್ಕು ಒಂಬತ್ತು. ಆಗ ಬಲಬದಿಯ ಬಾಗಿಲ ಹತ್ತಿರ ಟಕ್ ಟಕ್ ಎಂದು ಸದ್ದಾಯಿತು. ನೋಡಿದರೆ ಚಕ್ರಪಾಣಿ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಲಾಠಿಯಿಂದ ತಗಡಿನ ಕುರ್ಚಿಯ ಬೆನ್ನಿಗೆ ತಾಳ ಹಾಕುತ್ತಿದ್ದರು.

ಅಷ್ಟೇ ಬೇಕಾಗಿತ್ತು. ಹಿಂದಿನ ನಾನೂರು ಜನ ಒಮ್ಮೆಲೇ ಎದ್ದರು. ಸೆರಗಿನಡಿಯಿಂದ ತಟ್ಟೆ, ತಂಬಿಗೆ, ಸೌಟು ಹೊರಬಂದವು. ಅವರೆಲ್ಲ ಮನೆಯಿಂದಲೇ ಸಿದ್ಧವಾಗಿ ಬಂದಿದ್ದರು! “ನೀನ್ಯಾಕ ಎದ್ದೀಯೋ!” ಎಂದು ನಾನೂರು ಗಂಟಲು ಒಟ್ಟಿಗೆ ಒದರಿದವು. ಅದರ ಅಡಿಯಲ್ಲಿ ಎಲ್ಲೋ ಸೈರನ್ನು ಎದ್ದಿತು. ಗೊತ್ತಿದ್ದ ನನಗೆ ಕೇಳಿತು, ಗೊತ್ತಿಲ್ಲದವರು ಅದನ್ನೂ ಒಂದು ಪೀಪಿ ಎಂದುಕೊಂಡಿರಬೇಕು. ಬೇರೆ ದೇಶದ ಪ್ರೇಕ್ಷಕರು ನಮ್ಮೂರಿನ ಸಂಪ್ರದಾಯವೇ ಹೀಗೆ ಎಂದು ಭಾವಿಸಿ ತಾವೂ ಎದ್ದು ನೆಲ ಗುದ್ದತೊಡಗಿದರು. ಮೊದಲನೆಯ ಗುಂಡು ಕಾಲಬಡಿತದಲ್ಲಿ ಮುಳುಗಿತು, ಎರಡನೆಯದು ಚಪ್ಪಾಳೆಯಲ್ಲಿ ಹೋಯಿತು. ಮೂರನೆಯದು ಬಂದಾಗ ಹಾಳು ಗ್ರಹಚಾರಕ್ಕೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದೆವು. ಢಂ ಎಂದು ಬಿಡಿಯಾಗಿ ಕೇಳಿತು. ಪರದೆಯ ಬಳಿಯಿದ್ದ ಹೊಳೆಯಾಚೆಯ ಮುಖ್ಯಸ್ಥನ ಬಂದೂಕು ಮೇಲೆ ಬಂತು. ಅದರ ಬೆನ್ನಿಗೇ ಹುಸೇನಬಿ ತೋಳು ಕೊಡವಿ ನಲವತ್ತೂ ಲೋಟಗಳನ್ನು ಕಲ್ಲುಚಪ್ಪಡಿಯ ಮೇಲೆ ಚೆಲ್ಲಿದಳು. “ಅಯ್ಯ ನನ್ನ ಲೋಟಾ!” ಎಂದು ಎದೆಬಡಿದುಕೊಂಡು ಅವಳು ಕೂಗಿದ್ದು ಭವನಕ್ಕೆಲ್ಲ ಕೇಳಿತು. ಮುಖ್ಯಸ್ಥ ಗಾಜಿನ ಚೂರು ನೋಡಿದ, ಅವಳನ್ನು ನೋಡಿದ, ವೇದಿಕೆಯ ಮೇಲೆ ಒಂದು ಸ್ವರವೂ ತಪ್ಪದೆ ಹಾಡುತ್ತಿದ್ದ ತನ್ನ ಹುಡುಗಿಯನ್ನು ನೋಡಿದ. ಬಂದೂಕು ನಿಧಾನವಾಗಿ ಕೆಳಗಿಳಿಯಿತು.

ನಾಲ್ಕು ಹದಿನಾಲ್ಕಾಯಿತು. ನಾವು ಇನ್ನೂ ಒಂದು ನಿಮಿಷ ಹೆಚ್ಚೇ ಒದರಿದೆವು, ನಂಬಿಕೆ ಬರಬೇಕಲ್ಲ. ಅವಳು ಕೈಮುಗಿದು ಒಳಗೆ ಹೋದಳು. ನಾನು ಗಾಜಿನ ಚೂರುಗಳ ಪಕ್ಕದಲ್ಲೇ ಕುಸಿದು ಕೂತೆ. ಹುಸೇನಬಿ ಪೊರಕೆ ತರುತ್ತ, “ಎದ್ದು ಆಕಡೆ ಕೂಡ ನಿಂಬೆವ್ವಾ, ಚುಚ್ಚೀತು,” ಎಂದಳು. ಏನನ್ನು ಹೊದಿಸಿದೆವು ಎಂದು ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ತೀರ್ಪುಗಾರರು ಇರುವಂತಿಗೆ ಹತ್ತನೆಯ ಸ್ಥಾನ ಕೊಟ್ಟರು. ಗೆದ್ದವನು ಹಿಮದ ದೇಶದ ಒಬ್ಬ ದಪ್ಪ ಮನುಷ್ಯ. ಮುಂದಿನ ವರ್ಷದ ತಲೆನೋವು ಅವನ ಊರಿಗೆ ಹೋಯಿತು ಎಂದು ಗೊತ್ತಾದದ್ದೇ ಗುರುಶಾಂತಪ್ಪ ಬೀದಿಯಲ್ಲಿ ಪೇಢೆ ಹಂಚಿದರು. ಫಕೀರಪ್ಪನಿಗೆ ಮತ್ತೆ ಹೊಲಿಯಲು ಬಟ್ಟೆ ಕೊಡತೊಡಗಿದರು. ಶತ್ರುದೇಶದವಳಿಗೆ ಊರೆಲ್ಲ ಚಪ್ಪಾಳೆ ತಟ್ಟಿದ್ದೇಕೆ ಎಂದು ರಾಜಧಾನಿಯಿಂದ ವಿವರಣೆ ಕೇಳಿ ತಂತಿ ಬಂತು. ಚಕ್ರಪಾಣಿ ನನ್ನ ಮೇಜಿನ ಮುಂದೆ ಕೂತು ಒಂದೇ ಸಾಲಿನ ಉತ್ತರ ಬರೆದರು: ‘ಭದ್ರತಾ ಕಾರಣಗಳಿಗಾಗಿ ಚಪ್ಪಾಳೆ ತಟ್ಟಲಾಯಿತು.’ ಬರೆದು, ಮೊದಲ ಸಲ ಬಾಯಿತುಂಬ ನಕ್ಕರು. ಅವರ ಮೇಲೂ ನಮ್ಮ ಮೇಲೂ ಯಾವ ಕ್ರಮವೂ ಬರಲಿಲ್ಲ, ಬಹುಶಃ ಆ ಉತ್ತರ ಓದಿದವರಿಗೆ ಏನೂ ತಿಳಿಯಲಿಲ್ಲ.

ಭಾನುವಾರ ಹನ್ನೊಂದರ ಸುಮಾರಿಗೆ, ಹೊರಡುವ ಮೊದಲು, ಇರುವಂತಿ ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. “ನಿನ್ನ ಹಾಡು ಕೆಡಿಸಿಬಿಟ್ಟೆನವಾ,” ಎಂದೆ. “ಕೆಡಲಿಲ್ಲ ಬಿಡ್ರಿ. ಕೇಳ್ರಿ, ಅದು ಹಿಂಗ ಐತಿ,” ಎಂದು ಮೆಲ್ಲಗೆ ಶುರು ಮಾಡಿದಳು. ನನಗೂ ನಿದ್ದೆಗೂ ಶುಕ್ರವಾರದಿಂದ ಭೇಟಿಯೇ ಇರಲಿಲ್ಲ. ಮೀನು ಮಲಗಿದ್ದು ಕೇಳಿತು, ನೀರು ಮಲಗುವಷ್ಟರಲ್ಲಿ ನಾನೂ ಮಲಗಿಬಿಟ್ಟಿದ್ದೆ. ಕಣ್ಣು ಬಿಟ್ಟಾಗ ಮಧ್ಯಾಹ್ನ ಎರಡು ಗಂಟೆ. ನನ್ನ ಮೇಲೆ ಕೌದಿ ಇತ್ತು, ಬಾಗಿಲು ಮುಂದೆ ಮಾಡಿತ್ತು, ಅವಳು ಹೋಗಿಯಾಗಿತ್ತು. ಒಂದು ಮಾತು ಹೇಳಿ ಕಳಿಸಲೂ ಆಗಲಿಲ್ಲವಲ್ಲ ಎಂದು ದಿನವೆಲ್ಲ ನನ್ನನ್ನು ನಾನೇ ಬೈದುಕೊಂಡೆ.

ಸೋಮವಾರ ನಾನು ಕಚೇರಿಗೆ ಹೋಗಲಿಲ್ಲ. ಹನ್ನೊಂದಕ್ಕೆ ಒಲೆ ಆರಿಸಿ, ಅದೇ ಜಾಗದಲ್ಲಿ ಸದ್ದು ಮಾಡದೆ ಕೂತೆ. ಹಾಡು ಬಂತು. ಉಸಿರಿನಷ್ಟೇ ಸಣ್ಣಗೆ, ಅವಳ ಅವ್ವ ಹಾಡುತ್ತಿದ್ದ ಹಾಗೆ, ಮೊದಲಿನಿಂದ ಕೊನೆಯವರೆಗೆ. ಇಂಥ ಹಾಡನ್ನು ಅವಳು ನಮಗಾಗಿ ಬಿಟ್ಟುಕೊಟ್ಟಳಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ, ಆದರೆ ಎದೆ ಹಗುರಾಗಿತ್ತು. ಹಾಡು ಮುಗಿದ ಮೇಲೆ ಕೌದಿ ಕೊಡವಿದ ಸದ್ದು. ಆಮೇಲೆ ಬಾಗಿಲ ಬಳಿ ಬೂಟುಗಳು ಬಂದು ನಿಂತವು, ಆ ಗಡುಸು ಮುಖ್ಯಸ್ಥ, “ಹೊಂಡೂಣೇನು?” ಎಂದು ಒದರಿದ.

“ಮೆಲ್ಲಗ ಮಾತಾಡ್ರಿ,” ಎಂದಳು ಇರುವಂತಿ, “ಅವ್ವ ಮಲಗ್ಯಾಳ.”